ಹೊಸಿಲಿಗೆ ಅಡ್ಡ ಮಲಗಿದ ಅಜ್ಜಿ

ಉಲ್ಕಾನ್ ಅಜ್ಜಿಯ ಮನೆಯಲ್ಲಿ ಅಂದು ಬೆಳಗಿನಿಂದ ಹಬ್ಬಕ್ಕೆ ಮಾಡುವ ಹಿಟ್ಟಿನ ತಿಂಡಿ ಬೊರ್ಸೊಕ್ ಕರಿಯುವ ವಾಸನೆ. ಹಬ್ಬವಿಲ್ಲ, ನೆಂಟರಿಲ್ಲ, ಇಷ್ಟೊಂದು ಯಾರಿಗೆ ಎಂದು ಸೊಸೆಯನ್ನು ಕೇಳಿದರೆ, "ಸುಮ್ನಿರಿ ಅತ್ತೆ, ಸಂಜೆ ಗೊತ್ತಾಗುತ್ತೆ" ಎಂದಳು ಸಬಿರಾ.

ಗೊತ್ತಾಯಿತು. ಸಂಜೆ ಮೊಮ್ಮಗ ಬೆಕ್ತುರ್ ಮತ್ತವನ ಗೆಳೆಯರು ಒಬ್ಬ ಹುಡುಗಿಯನ್ನು ಕಾರಿನಿಂದ ಹೊತ್ತು ತಂದು ಒಳಗಿಳಿಸಿದರು. ಹೆಸರು ಮೀರಿಮ್, ಪಕ್ಕದೂರಿನ ಕುದುರೆ ಸಾಕುವ ಸಾಗಿನ್‌ನ ಮಗಳು. ನರ್ಸಿಂಗ್ ಓದುವವಳು, ಬಸ್ಸಿಗೆ ಕಾಯುತ್ತಿದ್ದಳಂತೆ. ಕಾಲಲ್ಲಿ ಒಂದೇ ಬೂಟಿತ್ತು.

ಹುಡುಗಿಯನ್ನು ಹೊತ್ತು ತಂದು ತಲೆಗೆ ಬಿಳಿ ವಸ್ತ್ರ ಕಟ್ಟಿದರೆ ಮದುವೆ ಮುಗಿಯಿತು ಎನ್ನುವವರು ಈ ಕಿರ್ಗಿಜ್ ಬೆಟ್ಟಗಳಲ್ಲಿ ಇನ್ನೂ ಇದ್ದಾರೆ. ಸೋವಿಯತ್ ಕಾಲದಲ್ಲೂ ಇದು ಅಪರಾಧ, ಸ್ವತಂತ್ರ ದೇಶವಾದ ಮೇಲೂ ಅಪರಾಧ. ಕಾನೂನು ರಾಜಧಾನಿಯಲ್ಲಿ ಕೂತಿರುತ್ತದೆ, ಹುಡುಗಿ ಇಲ್ಲಿ ಪರದೆಯ ಹಿಂದೆ ಅಳುತ್ತಿರುತ್ತಾಳೆ. ಥೂ, ಇದಕ್ಕೂ ಸಂಪ್ರದಾಯ ಎಂದು ಹೆಸರು!

"ಕಟ್ಕೊಳ್ಳೇ ತಾಯಿ," ಎಂದಳು ಸಬಿರಾ. "ಮೊದಮೊದ್ಲು ಎಲ್ರೂ ಅಳ್ತಾರೆ. ನಮ್ಮ ಹುಡುಗಂಗೆ ಏನು ಕಮ್ಮಿ? ಕುಡಿಯಲ್ಲ, ಸೇದಲ್ಲ."

"ಹಾಗಿದ್ರೆ ಮನೆಗೆ ಬಂದು ಕೇಳೋಕೆ ಬಾಯಿ ಇರ್ಲಿಲ್ವಾ?" ಮೀರಿಮ್ ವಸ್ತ್ರ ಕಿತ್ತೆಸೆದು ಬಾಗಿಲಿಗೆ ಓಡಿದಳು.

"ಅತ್ತೆ, ಮಲಗಿ! ಬೇಗ!"

ಉಲ್ಕಾನ್ ಹಿಂದುಮುಂದು ನೋಡದೆ ಹೊಸಿಲಿಗೆ ಅಡ್ಡ ಮಲಗಿಬಿಟ್ಟಳು. ಹಿರಿಯರನ್ನು ದಾಟಿ ಹೋದವಳಿಗೆ ಶಾಪ ತಟ್ಟುತ್ತದೆಂದು ಊರಿಗೆ ಊರೇ ನಂಬಿತ್ತು. ಮೀರಿಮ್ ಎತ್ತಿದ ಕಾಲು ಹಾಗೇ ನಿಂತಿತು. ಕೆಸರಾದ ಕಾಲುಚೀಲ ಅಜ್ಜಿಯ ಕಣ್ಣೆದುರೇ ನಡುಗುತ್ತಿತ್ತು.

ಹದಿನೇಳರ ಉಲ್ಕಾನ್ ಕೂಡ ಇದೇ ಬಾಗಿಲಲ್ಲಿ ಹೀಗೇ ಕಾಲೆತ್ತಿದ್ದಳು. ಆಮೇಲೆ ಹೆದರಿ ಇಳಿಸಿದ್ದಳು. ಗಂಡ ಕೆಟ್ಟವನಲ್ಲ, ಮಕ್ಕಳಾದವು, ಎಲ್ಲ ಆಯಿತು. ಆದರೆ ಟೀಚರ್ ಆಗಬೇಕೆಂದಿದ್ದ ಆ ಹುಡುಗಿ ಅಂದೇ ಸತ್ತಳು. ಅವಳಿಗಾಗಿ ಯಾರೂ ಅಳಲಿಲ್ಲ.

ಮೊಣಕಾಲು ಹಿಡಿದುಕೊಂಡು ಅಜ್ಜಿ ಎದ್ದು ನಿಂತಳು.

"ಇದೇನತ್ತೆ! ಊರವ್ರು ಏನಂತಾರೆ?"

"ಊರವ್ರಿಗೆ ಬೊರ್ಸೊಕ್ ಕೊಡು. ಬಾಯಿ ಮುಚ್ಕೊಂಡು ತಿನ್ಲಿ."

ಮೀರಿಮ್ ಇನ್ನೂ ನಿಂತೇ ಇದ್ದಳು. "ಶಾಪ ಹಾಕಲ್ವಾ ಅಜ್ಜಿ?"

"ಇಲ್ಲೇ ನಿಂತ್ರೆ ಹಾಕ್ತೀನಿ. ನನ್ನ ಬೂಟು ಹಾಕ್ಕೋ, ನಡಿ!" ಮೊಮ್ಮಗನ ಕಡೆ ತಿರುಗಿ ಗದರಿದಳು: "ಏನೋ ನೋಡ್ತೀಯಾ? ಹೊತ್ಕೊಂಡು ಬಂದೋನು ನೀನೇ, ಬಿಟ್ಟು ಬರೋನೂ ನೀನೇ. ತೆಗಿ ಕಾರು."

ಬೆಕ್ತುರ್ ತಲೆ ತಗ್ಗಿಸಿಕೊಂಡು ಕಾರಿನ ಕಡೆ ನಡೆದ. ಅಜ್ಜಿಯೂ ಹತ್ತಿ ಕೂತಳು.

ಆದರೆ ಸಾಗಿನ್ ತನ್ನ ಮನೆಯ ಬಾಗಿಲಲ್ಲೇ ಅಡ್ಡ ನಿಂತ. ಹಾಗೆ ಹೊತ್ತೊಯ್ದ ಮಗಳು ಮರಳಿದರೆ ಮನೆತನಕ್ಕೆ ಅವಮಾನ ಎಂದು ಕೇಳಿಯೇ ಬೆಳೆದವನು ಅವನು. "ಆಗಿದ್ದು ಆಯ್ತು ಅಜ್ಜಿ. ಅಲ್ಲೇ ಇರ್ಬೇಕಿತ್ತು. ನಾಳೆ ಇವಳನ್ನ ಯಾರು ಮದ್ವೆ ಆಗ್ತಾರೆ?"

ಉಲ್ಕಾನ್ ಮೀರಿಮ್‌ಳನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು.

"ಮೊದ್ಲು ಓದು ಮುಗಿಸ್ಲಿ. ಒಳಗೆ ಬಿಡ್ತೀಯೋ ಇಲ್ವೋ? ಬಿಡ್ದಿದ್ರೆ ನಿನ್ನ ಹೊಸಿಲಿಗೇ ಅಡ್ಡ ಮಲಗ್ತೀನಿ. ನನ್ನ ದಾಟಿ ಹೋಗಿ ಕುದುರೆಗೆ ನೀರು ಹೇಗೆ ಕುಡಿಸ್ತೀಯೋ ನೋಡೋಣ!" ಅಜ್ಜಿ ಸೊಂಟಕ್ಕೆ ಕೈಕೊಟ್ಟು ನಿಜಕ್ಕೂ ಬಗ್ಗತೊಡಗಿದಳು.

"ಅಯ್ಯಯ್ಯೋ, ಬೇಡ ಅಜ್ಜಿ!" ಸಾಗಿನ್ ಗಾಬರಿಬಿದ್ದು ಪಕ್ಕಕ್ಕೆ ಸರಿದ. ಒಳಗಿನಿಂದ ಅವನ ಹೆಂಡತಿ ಓಡಿಬಂದು ಮಗಳನ್ನು ತಬ್ಬಿಕೊಂಡಳು.

ಮೀರಿಮ್ ಅಜ್ಜಿಯ ಬೂಟಿನಲ್ಲೇ ತನ್ನ ಮನೆಯ ಹೊಸಿಲು ದಾಟಿದಳು. ಉಲ್ಕಾನ್‌ಳ ಎದೆ ಎಷ್ಟು ಹಗುರಾಯಿತೆಂದರೆ, ಬೂಟು ವಾಪಸ್ ಕೇಳುವುದೇ ಮರೆತುಹೋಯಿತು.