ಸಂತೆಯ ಕೈ

ಶವದ ಗಾಡಿಯ ಚಾಲಕ ಮತ್ತೊಮ್ಮೆ ಹಾರನ್ ಒತ್ತಿದಾಗ ಪಂಜರದ ಬಾತುಕೋಳಿಗಳೆಲ್ಲ ಒಟ್ಟಿಗೆ ಅರಚಿಕೊಂಡವು. ಬಾತು ಮಾರುವವಳು ಸೊಂಟದ ಮೇಲೆ ಕೈಯಿಟ್ಟು ಎದ್ದಳು.

"ಹಾರನ್ ಹೊಡೆದ್ರೆ ದಾರಿ ಹುಟ್ಟುತ್ತೇನಯ್ಯಾ? ಕೈ ಮೇಲಿದೆ, ಕಾಣಿಸಲ್ವಾ?"

ಚೌಕದ ನಡುವೆ, ಪ್ಲೇಗಿನ ಕಾಲದಲ್ಲಿ ನಿಲ್ಲಿಸಿದ ಯೇಸುವಿನ ತಾಯಿ ಮರಿಯಮ್ಮನವರ ಕಂಬದ ಪಕ್ಕದಲ್ಲಿ, ಎತ್ತರದ ಗಳುವಿನ ತುದಿಗೆ ಕತ್ತಿ ಹಿಡಿದ ಮರದ ಕೈಯೊಂದಿತ್ತು. ಕಾಮೆನೊವ್‌ನಲ್ಲಿ ಸಂತೆಯ ದಿನ ಅದು ಮೇಲಿರುವಷ್ಟು ಹೊತ್ತು ಯಾವ ಗಾಡಿಯೂ ಚೌಕಕ್ಕೆ ಬರಕೂಡದು. ಮಧ್ಯಾಹ್ನದ ಗಂಟೆ ಹೊಡೆದ ಮೇಲೇ ಹಗ್ಗ ಸಡಿಲಿಸಿ ಇಳಿಸುವುದು. ಇಷ್ಟು ವರ್ಷ ಇಳಿಸುತ್ತಿದ್ದ ಒತ್ಮಾರ್ ಈಗ ಗಾಡಿಯೊಳಗೆ, ಪೆಟ್ಟಿಗೆಯಲ್ಲಿದ್ದ.

ಅವನ ಹೆಂಡತಿ ಯರ್ಮಿಲಾ ಊರ ಮುಖ್ಯಸ್ಥ ಕಾದ್ಲೆಟ್ಸನನ್ನು ಹಿಡಿದಳು. "ಇವತ್ತು ಇದನ್ನ ಎತ್ತಿದ್ಯಾರು?"

"ನಾನೇ ಯರ್ಮಿಲಮ್ಮ. ಅವರ ಗೌರವಕ್ಕೆ ಅಂತ..."

"ಗೌರವ! ಅವರು ಹೋಗೋ ದಾರಿಗೇ ಅಡ್ಡ ಹಾಕಿ ಗೌರವ!"

"ಮಣ್ಣು ಮಾಡೋದು ಊಟ ಆದ್ಮೇಲೆ ಅಂದ್ಕೊಂಡಿದ್ದೆ."

"ಪಾದ್ರಿಗಳು ಆಮೇಲೆ ಇನ್ನೊಂದೂರಿಗೆ ಹೋಗ್ಬೇಕು. ಐದು ಊರಿಗೆ ಒಬ್ಬರೇ ಪಾದ್ರಿ. ನಿನಗೆ ಗೊತ್ತಿಲ್ವಾ?"

ಮೇಲೆ ಗುಡ್ಡದ ಚರ್ಚಿನ ಬಾಗಿಲಲ್ಲಿ ಪಾದ್ರಿಗಳು ನಿಂತು ಆಗಾಗ ಕೆಳಗೆ ನೋಡುತ್ತಿದ್ದರು. ಅಲ್ಲಿಗೆ ಹೋಗಲು ಚೌಕ ದಾಟಲೇಬೇಕು. ಹಿಂದಿನಿಂದ ಬಳಸೋಣವೆಂದರೆ ಗಿರಣಿಯ ಸೇತುವೆ ಕೈಗಾಡಿಗಷ್ಟೇ ಆಗುವಂಥದು.

* * *

ಒತ್ಮಾರ್ ಬಿಯರ್ ಭಟ್ಟಿಯಲ್ಲಿ ಪೀಪಾಯಿ ಕಟ್ಟುತ್ತಿದ್ದವನು. ಒಂದು ಕಾಲಕ್ಕೆ ರಾಜ ಸಂತೆಯೂರೆಂಬ ಪಟ್ಟ ಕೊಟ್ಟಿದ್ದ ಊರನ್ನು ಹಿಂದಿನ ಸರಕಾರ ಬರೀ ಹಳ್ಳಿ ಮಾಡಿ, ಆ ಪಟ್ಟದ ಗುರುತಾದ ಮರದ ಕೈಯನ್ನು ಎಸೆದಿತ್ತು. ಆ ಸರಕಾರ ಬಿದ್ದ ಚಳಿಗಾಲದಲ್ಲಿ ಆ ಕೈ ಭಟ್ಟಿಯ ಅಟ್ಟದ ಗೋಣಿಗಳಡಿಯಲ್ಲಿ ಅವನಿಗೆ ಸಿಕ್ಕಿತು. ಹೆಬ್ಬೆರಳು ಮುರಿದಿತ್ತು. ಪೀಪಾಯಿಯ ಓಕ್ ಮರದಲ್ಲಿ ಹೊಸ ಬೆರಳು ಕೆತ್ತಿ ಕೂಡಿಸಿದ. ಅಲ್ಲಿಂದಾಚೆ ಯರ್ಮಿಲಾಳ ಮನೆಯಲ್ಲಿ ಬಿಸಿ ಸೂಪು ಕುಡಿದವರಿಲ್ಲ. ಯಾರೋ ಬಾಯಿ ತಪ್ಪಿ "ನಿಮ್ಮ ಹಳ್ಳಿ" ಅಂದರೆ ಸಾಕು, ರಾಜನಿಂದ ಶುರುಮಾಡಿ, ಹಳೆಯ ಯುದ್ಧದಲ್ಲಿ ಸ್ವೀಡರು ಊರು ಸುಟ್ಟದ್ದು, ಮತ್ತೆ ಕಟ್ಟಿದ್ದು ಎಲ್ಲ ಅವನು ಹೇಳಿ ಮುಗಿಸುವಷ್ಟರಲ್ಲಿ ಸೂಪು ಆರಿರುತ್ತಿತ್ತು. ಶೌಚಾಲಯ ಎಲ್ಲಿ ಎಂದು ಕೇಳಿದ ಪ್ರವಾಸಿಗೂ ಮೊದಲು ಸ್ವೀಡರು, ಆಮೇಲೆ ಶೌಚಾಲಯ.

ಮಗಳು ಬ್ಲಾಂಕಾಳ ಮದುವೆ ಸಂತೆಯ ದಿನವೇ ಬಂತು. ಮದುವೆಯ ಕಾರು ಚೌಕದ ಬಾಯಿಗೆ ಬಂದಾಗ ಹೊಸ ಕೋಟು ಹಾಕಿಕೊಂಡ ಅಪ್ಪನೇ ಎದುರು ಕೈ ಚಾಚಿ ನಿಂತ.

"ಅಪ್ಪಾ, ನಾನು!"

"ಕಾಣ್ತಿದೆ. ಇಳಿದು ನಡಿ. ಇವತ್ತು ನಿನ್ನ ಬಿಟ್ರೆ ನಾಳೆ ಬಿಯರ್ ಲಾರಿನೂ ಬಿಡ್ಬೇಕು."

ಹಿಂದಿನ ದಿನ ಮಳೆ ಬಂದಿತ್ತು, ಚರಂಡಿಗೆ ಚೌಕವನ್ನೂ ಅಗೆದಿದ್ದರು. ಬ್ಲಾಂಕಾ ಬಿಳಿ ಲಂಗ ಎತ್ತಿಕೊಂಡು ಎಲೆಕೋಸಿನ ರಾಶಿಗಳ ನಡುವೆ ನಡೆದಳು. ಕಾರಂಜಿಯ ಕಟ್ಟೆಯ ಮೇಲೆ ಕೂತು, ಬಿಳಿ ಬೂಟು ಬಿಚ್ಚಿ, ಎಲ್ಲರ ಎದುರು ಮಣ್ಣು ಕೊಡವಿದಳು. ಆಮೇಲೆ ಎರಡು ಕ್ರಿಸ್‌ಮಸ್ಸಿಗೆ ತವರಿಗೆ ಬರಲಿಲ್ಲ.

* * *

ಯರ್ಮಿಲಾ ನೇರ ಗಳುವಿನ ಬಳಿ ಹೋಗಿ ಹಗ್ಗ ಹಿಡಿದಳು. ಸಂತೆಯವರೆಲ್ಲ ಅತ್ತ ತಿರುಗಿದರು.

"ಅಮ್ಮಾ, ಬಿಡು," ಎಂದಳು ಹಿಂದೆಯೇ ಬಂದ ಬ್ಲಾಂಕಾ.

"ಏನು ಬಿಡೋದು? ಜನ್ಮ ಪೂರ್ತಿ ಬಿಟ್ಟಿದ್ದೇ ಆಯ್ತು. ಇವತ್ತೊಂದಿನ ನನ್ನ ಮಾತು ನಡೀಲಿ."

"ಇಳಿಸಬೇಡ. ನನ್ನ ನಡೆಸಿಲ್ವಾ? ಅಪ್ಪನೂ ಗಾಡಿ ಇಳಿದು ಹೋಗ್ಲಿ."

ತಾಯಿ ಮಗಳ ಮುಖ ನೋಡಿದಳು. ಅಲ್ಲಿ ನಗು ಇರಲಿಲ್ಲ. ಗಂಟು ಬಿಚ್ಚದೆ ಹಗ್ಗ ಬಿಟ್ಟಳು.

"ಹೊರೋಕೆ ಜನ ಇಲ್ವೇನ್ರೋ?" ಬಾತಿನವಳು ಕೂಗಿದಳು. "ಏ ಸಾಸೇಜು ಮಾರೋನೇ, ಬಾರೋ! ಕಾದ್ಲೆಟ್ಸಣ್ಣಾ, ಗೌರವ ಈಗ ಹೆಗಲ ಮೇಲೆ ತೋರ್ಸು."

ಆರು ಜನ ಪೆಟ್ಟಿಗೆ ಎತ್ತಿದರು. ಚೀಸು, ಗಸಗಸೆ ರೊಟ್ಟಿ, ಬೆಳ್ಳುಳ್ಳಿಯ ಜಡೆಗಳ ನಡುವೆ ಓರೆಯಾಗಿ ಸಾಗಿದರು.

"ಏನ್ ಭಾರ! ಒಳಗೆ ಪೀಪಾಯಿನೂ ಇಟ್ಟಿದ್ದೀರೇನ್ರೀ?" ಎಂದ ಹೊತ್ತವರಲ್ಲೊಬ್ಬ.

"ಖಾಲಿ ಅಂತೂ ಅಲ್ಲ," ಎಂದಳು ಯರ್ಮಿಲಾ.

ಕಾರಂಜಿಯ ಹತ್ತಿರ ಕಾದ್ಲೆಟ್ಸನಿಗೆ ಉಸಿರು ಹತ್ತಿತು. ಈರುಳ್ಳಿಯವನು ತನ್ನ ಹಲಗೆಯನ್ನು ಒಂದೇ ಸಲಕ್ಕೆ ಬರಿದು ಮಾಡಿದ. ಈರುಳ್ಳಿಗಳು ಇಳಿಜಾರಿನಲ್ಲಿ ಹಳ್ಳದ ಕಡೆ ಉರುಳಿದವು. ಒತ್ಮಾರ್ ಆ ಹಲಗೆಯ ಮೇಲೆ ಸ್ವಲ್ಪ ಹೊತ್ತು ದಣಿವಾರಿಸಿಕೊಂಡ.

ಪಾದ್ರಿಗಳು ಪ್ರಾರ್ಥನೆಯನ್ನು ಬೇಗ ಬೇಗ ಮುಗಿಸಿದರು. ಯರ್ಮಿಲಾ ಕೊನೆಯ ಹಿಡಿ ಮಣ್ಣು ಹಾಕುವಾಗ ತಲೆಯ ಮೇಲೇ ಮಧ್ಯಾಹ್ನದ ಗಂಟೆ ಹೊಡೆಯಿತು. ಕೈ ಇಳಿಸಲೆಂದು ಕಾದ್ಲೆಟ್ಸ್ ಓಡುತ್ತಲೇ ಗುಡ್ಡ ಇಳಿದ.

ಅವಳು ಮಗಳ ತೋಳು ಹಿಡಿದು ನಿಧಾನವಾಗಿ ಕೆಳಗೆ ಬಂದಾಗ ಸಂತೆಯವರು ಅಂಗಡಿ ಎತ್ತಿಯಾಗಿತ್ತು. ಕೈ ಮಾತ್ರ ಇನ್ನೂ ಮೇಲೆಯೇ ಇತ್ತು. ಕೆಳಗಿನ ಬೀದಿಯ ಬಾಯಲ್ಲಿ ಶವದ ಗಾಡಿ, ಮೇಲಿನ ಬೀದಿಯಲ್ಲಿ ಬಿಯರ್ ಲಾರಿ, ಅದರ ಹಿಂದೆ ಸಾಲು. ಕಾದ್ಲೆಟ್ಸ್ ಹಗ್ಗದ ಪಕ್ಕ ನಿಂತಿದ್ದ, ಮುಟ್ಟಿರಲಿಲ್ಲ; ಯರ್ಮಿಲಾಳ ದಾರಿ ಕಾಯುತ್ತಿದ್ದ.

"ಅಜ್ಜೀ, ಇಳಿಸ್ತೀರಾ?" ಲಾರಿಯವನು ತಲೆ ಹೊರಗೆ ಹಾಕಿದ.

"ತಡಿಯಪ್ಪ. ಏನು ಅವಸರ!"

ಯರ್ಮಿಲಾ ಕಾರಂಜಿಯ ಕಟ್ಟೆಯ ಮೇಲೆ ಕೂತಳು. ಕಪ್ಪು ಬೂಟಿನ ದಾರ ಬಿಚ್ಚಿ, ಒಳಗೆ ಸೇರಿದ್ದ ಮಣ್ಣನ್ನು ಕಲ್ಲಿಗೆ ಕುಟ್ಟಿ ಕೊಡವತೊಡಗಿದಳು. ಲಾರಿಯವನು ಎಂಜಿನ್ ಆರಿಸಿದ.