ಎರಡು ಮೊಲೆಯ ಮಾತು

ಇರುವೆಗೂಡಿಗೆ ಸಕ್ಕರೆ ಹಾಕುವ ಮನೆ ಅದು. ಮೊಟ್ಟೆ ಹಾಕಿದ ಕೇಕು ಹೊಸ್ತಿಲು ದಾಟುವಂತಿಲ್ಲ. ಕಾಲ ಕೆಳಗೆ ಎರೆಹುಳು ಸಿಕ್ಕಿದರೂ ಅಜ್ಜಿ ಮಹದೇವಮ್ಮ ಶಿವ ಶಿವಾ ಎಂದು ಕೆನ್ನೆ ಬಡಿದುಕೊಳ್ಳುತ್ತಾಳೆ. ಅಂಥ ಮನೆಯ ಕೊಟ್ಟಿಗೆಯಲ್ಲಿ ಹೋದ ವರ್ಷ ಒಂದು ಕೋಣಗರು ಹಸಿದು ಸತ್ತಿತು. ಯಾರೂ ಕೆನ್ನೆ ಬಡಿದುಕೊಳ್ಳಲಿಲ್ಲ.

ಮೊಮ್ಮಗ ಮಹಾಂತೇಶ ಅದನ್ನು ದಿನಾ ನೋಡಿದ್ದ. ಎಮ್ಮೆ ತೊರೆ ಬಿಡಲಿ ಎಂದು ಕರುವನ್ನು ಒಂದು ಗಳಿಗೆ ಮೊಲೆಗೆ ಬಿಡುವುದು, ಹಾಲು ಇಳಿದ ಕೂಡಲೇ ಕುತ್ತಿಗೆಗೆ ಹಗ್ಗ ಹಾಕಿ ಎಳೆದು ಗೂಟಕ್ಕೆ ಕಟ್ಟುವುದು. ಹೆಣ್ಣಾದರೆ ಮುಂದೆ ಕರೆಯಬಹುದು ಎಂದು ಒಂದಿಷ್ಟು ಕುಡಿಯಲು ಬಿಡುತ್ತಾರೆ. ಗಂಡಿನಿಂದ ಏನು ಬಂತು? ಉಳುವುದಕ್ಕೆ ಟ್ರ್ಯಾಕ್ಟರ್ ಇದೆ. ಆ ಕರು ಗೋಡೆಯ ಸುಣ್ಣ ನೆಕ್ಕಿತು, ನೆಲದ ಮಣ್ಣು ನೆಕ್ಕಿತು, ಒಂದು ಬೆಳಿಗ್ಗೆ ಮಲಗಿದ್ದು ಏಳಲಿಲ್ಲ. ಅದರ ಆಯಸ್ಸು ಅಷ್ಟೇ ಎಂದು ಅಪ್ಪ ಕಲ್ಲೇಶಪ್ಪ ಹಾಲಿನ ಕ್ಯಾನು ಎತ್ತಿಕೊಂಡು ಡೈರಿಗೆ ಹೋದ. ಅವತ್ತಿನಿಂದ ಮಹಾಂತೇಶ ಹಾಲು, ಮೊಸರು, ಮಜ್ಜಿಗೆ, ತುಪ್ಪ ಎಲ್ಲ ಬಿಟ್ಟ.

ಅವನು ಹತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅವ್ವ ತೀರಿಕೊಂಡ ವರ್ಷ ಅದು. ಈಗ ಹಗರೆಯಲ್ಲಿ ಬಸ್ಸು ನಿಲ್ಲುವ ಕಡೆ ಎಳನೀರಿನ ಗಾಡಿ ಇಟ್ಟಿದ್ದ. ಬೆಳಿಗ್ಗೆ ಮಚ್ಚು ಮಸೆದು ನಿಂತರೆ ಬೇಲೂರಿನ ಕಡೆಯವರು, ಹಾಸನದ ಕಡೆಯವರು ಬಿಸಿಲಿಗೆ ಬೆಂದು ಇಳಿಯುತ್ತಿದ್ದರು. ಮಧ್ಯಾಹ್ನಕ್ಕೆ ಡಬ್ಬಿಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು. ಮಜ್ಜಿಗೆಯಿಲ್ಲದ ಆ ಊಟ ಸ್ನೇಹಿತರಿಗೆ ದೊಡ್ಡ ತಮಾಷೆ.

"ಕೂಸುಗಳು ವರ್ಷಕ್ಕೇ ಹಾಲು ಬಿಡ್ತವೆ. ನೀನು ಇಪ್ಪತ್ತೊಂದಕ್ಕೆ ಬಿಟ್ಟೆ ಕಣ್ಲಾ" ಎಂದು ಪಕ್ಕದ ಪಂಕ್ಚರ್ ಅಂಗಡಿಯ ಇಂದ್ರೇಶ್ ದಿನಕ್ಕೊಮ್ಮೆ ಹೇಳುತ್ತಿದ್ದ. ಮಹಾಂತೇಶನ ಮಚ್ಚು ಆಗ ಬೇಕಾದ್ದಕ್ಕಿಂತ ಜೋರಾಗಿ ಬೀಳುತ್ತಿತ್ತು.

ಊರವರ ಮಾತು ಹೋಗಲಿ. ಏಟು ಬಿದ್ದದ್ದು ಅಕ್ಕ ಸ್ವಾತಿಗೆ. ಅವಳನ್ನು ಅರಸೀಕೆರೆಯ ಕೊಬ್ಬರಿ ವ್ಯಾಪಾರದವರ ಮನೆಗೆ ಕೊಟ್ಟಿತ್ತು. ಸಂಕ್ರಾಂತಿಗೆ ಅಲ್ಲಿಗೆ ಹೋದಾಗ ಅವಳ ಅತ್ತೆ ವಿಶಾಲಮ್ಮ ಬಡಿಸಲು ತಂದ ಮೊಸರಿಗೆ ಮಹಾಂತೇಶ ಎಲೆಯ ಮೇಲೆ ಕೈ ಅಡ್ಡ ಇಟ್ಟ. ನಮ್ಮನೆ ಮೊಸರು ನಿನ್ನ ತಮ್ಮನಿಗೆ ಮೈಲಿಗೆಯೇನೇ ಎಂದು ಆಕೆ ಸೊಸೆಯನ್ನು ಅಂದಿನಿಂದ ಚುಚ್ಚುತ್ತಲೇ ಇದ್ದರು.

ಈಗ ಬೇಸಿಗೆ ರಜಕ್ಕೆ ಸ್ವಾತಿ ಇಬ್ಬರು ಮಕ್ಕಳ ಜೊತೆ ಆ ಅತ್ತೆಯನ್ನೂ ಕರೆದುಕೊಂಡು ಬರುವವಳಿದ್ದಳು. ಎಮ್ಮೆಗೂ ದಿನ ತುಂಬಿತ್ತು. ಕಲ್ಲೇಶಪ್ಪ ಮಗನನ್ನು ಕೊಟ್ಟಿಗೆಯಲ್ಲೇ ಹಿಡಿದು ನಿಲ್ಲಿಸಿದ. ಬೀಗಿತಿಯ ಎದುರು ತಟ್ಟೆಗೆ ಬಿದ್ದದ್ದನ್ನೆಲ್ಲ ತಿನ್ನಬೇಕು, ಮುಖ ಸಿಂಡರಿಸಬಾರದು, ಅಕ್ಕನ ಬಾಳ್ವೆ ನೋಡು ಎಂದ. ಮಹಾಂತೇಶ ಎಮ್ಮೆಯ ಹೊಟ್ಟೆ ನೋಡಿದ. ಒಳಗೆ ಏನೋ ಒಮ್ಮೆ ಮಿಸುಕಿತು.

"ತಿಂತೀನಿ. ಆದ್ರೆ ಗಂಡಾಗ್ಲಿ ಹೆಣ್ಣಾಗ್ಲಿ, ಎರಡು ಮೊಲೆ ಕರೂಗೆ. ಹುಟ್ಟಿದ ದಿನದಿಂದ್ಲೇ. ಲಿಂಗ ಮುಟ್ಟಿ ಹೇಳು."

ಕಲ್ಲೇಶಪ್ಪ ಎದೆಯ ಮೇಲಿನ ಬೆಳ್ಳಿಯ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು, ಆಯ್ತು ಎಂದ. ಇಷ್ಟಲಿಂಗದ ಮೇಲೆ ಆಡಿದ ಮಾತನ್ನು ಅವನು ಎಂದೂ ತಪ್ಪಿದವನಲ್ಲ. ಅದೂ ಮಹಾಂತೇಶನಿಗೆ ಗೊತ್ತಿತ್ತು.

ಪಶು ಡಾಕ್ಟರನ್ನು ಕೇಳಿಕೊಂಡು ಬಂದು ಅವನು ಮನೆಯಲ್ಲಿ ಮತ್ತೆ ಮತ್ತೆ ಹೇಳಿದ: ಕರು ಬಿದ್ದ ತಕ್ಷಣ ಮೊದಲ ಹಾಲು ಅದರ ಹೊಟ್ಟೆಗೆ ಹೋಗಬೇಕು, ತಡವಾದರೆ ಉಳಿಯುವುದಿಲ್ಲ. ಅಜ್ಜಿ ತನ್ನ ಕಾಲದಿಂದ ಬಂದದ್ದನ್ನು ಹೇಳಿದಳು. ಈದ ಎಮ್ಮೆಯ ಮಾಸುಚೀಲ ಬೀಳುವ ತನಕ ಕರು ಮೊಲೆಗೆ ಬಾಯಿ ಹಾಕಬಾರದು, ಹಾಕಿದರೆ ಮಾಸು ಒಳಗೇ ಕೊಳೆತು ಎಮ್ಮೆಯೂ ಹೋಗುತ್ತದೆ. "ಡಾಕ್ಟ್ರು ಹೇಳೋದು ಸೀಮೆಹಸೀಗೆ ಕಣಪ್ಪ, ಎಮ್ಮೆಗಲ್ಲ" ಎಂದಳು. ವಾದ ಮಾಡಿ ಸಾಕಾಗಿ, ಹೇಗೂ ಅವತ್ತು ತಾನೇ ಇರುತ್ತೇನಲ್ಲ ಎಂದು ಅವನು ಸುಮ್ಮನಾದ.

ಬೀಗಿತಿ ಬಂದರು. ಮೊದಲ ಊಟಕ್ಕೆ ಗಟ್ಟಿ ಎಮ್ಮೆ ಮೊಸರು. ಯಾವ ಮನೆಯದೋ, ಯಾವ ಕರುವಿನದೋ. ಮಹಾಂತೇಶ ಉಸಿರು ಬಿಗಿಹಿಡಿದು ನುಂಗಿದ, ತಟ್ಟೆಯನ್ನು ಬೆರಳಲ್ಲಿ ಬಳಿದ. ವಿಶಾಲಮ್ಮನವರ ಮುಖ ಅರಳಿತು. ಸ್ವಾತಿ ಬಡಿಸುತ್ತಿದ್ದವಳು ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವನು ಹಿತ್ತಲಿಗೆ ಹೋಗಿ ಕಕ್ಕಿದ. ಕಕ್ಕಬಾರದು ಎಂದು ಮಾತಿನಲ್ಲಿ ಇರಲಿಲ್ಲ.

ಮಕ್ಕಳಿಗೆ ಹಳೇಬೀಡು ತೋರಿಸುವುದಾಗಿ ಫೋನಿನಲ್ಲೇ ಹೇಳಿಯಾಗಿತ್ತು. ಎಮ್ಮೆಯ ಕೆಚ್ಚಲು ಬಿಗಿದದ್ದು ಕಂಡು ಮಹಾಂತೇಶ ಹಿಂದೇಟು ಹಾಕಿದ. ಇನ್ನೂ ಎರಡು ದಿನವಾದರೂ ಬೇಕು ಎಂದಳು ಅಜ್ಜಿ. ನಾನಿಲ್ಲವೇನೋ ಎಂದ ಅಪ್ಪ. ಮಕ್ಕಳು ಆಗಲೇ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದವು. ಅವನು ಹೊರಟ.

ಅಕ್ಕ, ಮಕ್ಕಳು, ಅವನು. ಮಕ್ಕಳು ಗುಡಿಯ ಗೋಡೆಯ ಆನೆಗಳನ್ನು ಒಂದೊಂದಾಗಿ ಮುಟ್ಟಿ, ಎಣಿಕೆ ತಪ್ಪಿ, ಮತ್ತೆ ಮೊದಲಿನಿಂದ ಶುರು ಮಾಡಿ ಜಗಳವಾಡಿದವು. ಕೆರೆಯ ಅಂಚಿನಲ್ಲಿ ಮೊಣಕಾಲುದ್ದ ನೀರಿಗಿಳಿದು ಮಾವನ ಪ್ಯಾಂಟು ತೋಯಿಸಿದವು. ಮರದ ನೆರಳಲ್ಲಿ ಅವನು ಡಬ್ಬಿ ಬಿಚ್ಚಿದ. ಎಲ್ಲ ಅವನದೇ ಕೈಯಡುಗೆ: ಮಾವಿನಕಾಯಿ ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ, ತೆಂಗಿನಹಾಲಿಗೆ ಬೆಲ್ಲ ಹಾಕಿ ಕಿವುಚಿದ ರಸಪುರಿ ಮಾವಿನ ಸೀಕರಣೆ. ಮಕ್ಕಳು ಡಬ್ಬಿಯ ಮುಚ್ಚಳವನ್ನೂ ನೆಕ್ಕಿದವು.

"ಮಾವ, ಇದ್ರಲ್ಲಿ ಹಾಲೈತಾ?" ಚಿಕ್ಕವಳು ಕೇಳಿದಳು.

"ಐತೆ. ತೆಂಗಿನಮರದ್ದು."

"ಮರಕ್ಕೆ ಕರು ಇರಲ್ವಾ?"

ಸ್ವಾತಿ ನಕ್ಕಳು. ಎಷ್ಟೋ ದಿನದ ಮೇಲೆ ಮಹಾಂತೇಶನೂ ನಕ್ಕ. ಆ ನಗು ಮುಗಿಯುವ ಮೊದಲೇ ಸ್ವಾತಿಯ ಫೋನು ಬಡಿದುಕೊಂಡಿತು. ಅಜ್ಜಿ. ಎಮ್ಮೆ ಈದಿದೆ, ಮಕ್ಕಳನ್ನು ಬೇಗ ಕರೆದುಕೊಂಡು ಬಾ, ಗಿಣ್ಣು ಮಾಡುತ್ತೇನೆ ಎನ್ನುತ್ತಿದ್ದಳು. ಮಹಾಂತೇಶ ಫೋನು ಕಿತ್ತುಕೊಂಡ. ಯಾವಾಗ ಈದಿತು ಎಂದರೆ, ನೀವು ಬಸ್ಸು ಹತ್ತಿದ ಹಿಂದೆಯೇ ಎಂದಳು. ಕರು ಹಾಲು ಕುಡಿಯಿತೇ ಎಂದ.

"ಮಾಸು ಈಗ ಬಿತ್ತು ಕಣಪ್ಪ. ಇನ್ನು ಬಿಡ್ತೀವಿ."

ನೆತ್ತಿಯ ಸೂರ್ಯ ಆಗಲೇ ವಾಲಿದ್ದ. ಅಷ್ಟು ಹೊತ್ತು, ಆ ಬಿಸಿಲಿನಲ್ಲಿ, ಒಂದು ತೊಟ್ಟೂ ಇಲ್ಲದೆ. ಈಗಲೇ ಕುಡಿಸು ಎಂದು ಅವನು ಕಿರುಚಿದ್ದಕ್ಕೆ ಪಕ್ಕದಲ್ಲಿ ಊಟ ಮಾಡುತ್ತಿದ್ದವರು ತಿರುಗಿ ನೋಡಿದರು. ಬಸ್ಸಿಗೆ ಕಾದದ್ದೇ ಒಂದು ಯುಗ. ದಾರಿಯುದ್ದಕ್ಕೂ ಅವನು ಮುಂದಿನ ಸೀಟಿನ ಕಂಬಿಯನ್ನು ಹಿಂಡುತ್ತ ಕುಳಿತಿದ್ದ.

ಮನೆಗೆ ಕಾಲಿಟ್ಟಾಗ ಏಲಕ್ಕಿ ಬೆಲ್ಲದ ಘಮ ಅಂಗಳದವರೆಗೂ ಬಂದಿತ್ತು. ಒಲೆಯ ಮೇಲೆ ಗಿಣ್ಣು ಬೇಯುತ್ತಿತ್ತು. ಕೊಟ್ಟಿಗೆಯಲ್ಲಿ ಕೋಣಗರು ಕಾಲು ಚಾಚಿ, ಕುತ್ತಿಗೆ ಒಂದು ಕಡೆಗೆ ಬಿಟ್ಟು ಮಲಗಿತ್ತು. ಎಮ್ಮೆ ಅದನ್ನು ನೆಕ್ಕುತ್ತ ಮೂತಿಯಿಂದ ಎಬ್ಬಿಸಲು ನೋಡುತ್ತಿತ್ತು.

ಕಲ್ಲೇಶಪ್ಪ ಮಗನ ಮುಖ ನೋಡದೆ ಕೆಚ್ಚಲಿನ ಕಡೆ ಕೈ ತೋರಿಸಿದ. "ನಾನು ಮಾತು ತಪ್ಪಿಲ್ಲ ಕಣೋ. ನೋಡ್ಕೊ. ಎರಡು ಮೊಲೆ ಮುಟ್ಟೇ ಇಲ್ಲ. ಅದು ಏಳ್ತಾ ಇಲ್ಲ, ನಾನೇನ್ ಮಾಡ್ಲಿ?"

ನಿಜ. ಎರಡು ಮೊಲೆ ಬತ್ತಿದ್ದವು, ಎರಡು ತುಂಬಿ ಸೆಟೆದಿದ್ದವು. ಮಾತು ಅಲ್ಲೇ ತೂಗುತ್ತಿತ್ತು, ಅಚ್ಚುಕಟ್ಟಾಗಿ. ಕುಡಿಯುವವನಿಗೆ ನಿಲ್ಲಲು ಕಾಲಿರಲಿಲ್ಲ. ಮಹಾಂತೇಶ ಆ ಎರಡು ಮೊಲೆಗಳಿಂದ ಹಳದಿ ಹಾಲನ್ನು ಲೋಟಕ್ಕೆ ಹಿಂಡಿದ, ಕರುವನ್ನು ತೊಡೆಯ ಮೇಲೆಳೆದುಕೊಂಡು ಬೆರಳು ಅದ್ದಿ ಬಾಯೊಳಗೆ ಇಟ್ಟ. ನಾಲಿಗೆ ತಣ್ಣಗಿತ್ತು. ಹಾಲು ಕಟಬಾಯಿಂದ ಇಳಿದು ಅವನ ಅಂಗಿಗೆ ಹರಿಯಿತು. ಫೋನು ಮಾಡಿದರೆ ಡಾಕ್ಟರು ದೂರದ ಹಳ್ಳಿಯಲ್ಲಿದ್ದೇನೆ, ಬರುತ್ತೇನೆ ಎಂದರು. ದೀಪ ಹಚ್ಚುವ ಹೊತ್ತಿಗೆ ಕರು ಒಮ್ಮೆ ಕಾಲು ಜಾಡಿಸಿತು. ಅಷ್ಟೇ.

ಒಳಗೆ ತಟ್ಟೆ ಹಾಕಿದ್ದರು. ಮಹಾಂತೇಶನ ತಟ್ಟೆಯಲ್ಲೂ ಗಿಣ್ಣಿನ ತುಂಡು, ಹೊಳೆಯುವಂಥದ್ದು. ಪಾಪ, ಗಂಡುಗರು, ಹೋದರೆ ಹೋಯಿತು, ಎಮ್ಮೆ ಉಳಿಯಿತಲ್ಲ ಎಂದು ವಿಶಾಲಮ್ಮ ಸಮಾಧಾನ ಹೇಳಿದರು. ಹೇಳಿ, ತಿನ್ನಪ್ಪ, ಮೊದಲ ಹಾಲನ್ನು ಬೇಡವೆನ್ನಬಾರದು ಎಂದರು. ಸ್ವಾತಿ ತಮ್ಮನನ್ನೇ ನೋಡುತ್ತಿದ್ದಳು.

"ಇದು ಅದ್ರ ಪಾಲು" ಎಂದ ಅವನು. ತಟ್ಟೆಯನ್ನು ಗೋಡೆಗೆ ನೂಕಿ ಎದ್ದು ಹೋದ.

ಹಿಂದೆ ವಿಶಾಲಮ್ಮನವರ ದನಿ ಏರಿತು, ಸ್ವಾತಿಯದು ಇಳಿಯಿತು. ಆ ಮನೆಯಲ್ಲಿ ಅವತ್ತು ಮಾತು ತಪ್ಪಿದವನು ಅವನೊಬ್ಬನೇ.

ಬೆಳಿಗ್ಗೆ ಎಮ್ಮೆಯ ಅರಚಾಟಕ್ಕೆ ಕೇರಿಯೇ ಎದ್ದಿತ್ತು. ಕೆಚ್ಚಲು ಕಲ್ಲಾಗಿತ್ತು. ಕಲ್ಲೇಶಪ್ಪ ಹಿಂಡಿ ಬೂಸಾ ಇಟ್ಟ, ಬೆನ್ನು ಸವರಿದ. ಕೈ ಹಾಕಿದರೆ ಒದೆಯುತ್ತಿತ್ತು. ಕರುವಿಲ್ಲದೆ ತೊರೆ ಬಿಡುವುದಿಲ್ಲ ಎಂದು ಹಟ ಹಿಡಿದಿತ್ತು. ತೋಟದಲ್ಲಿ ಕರುವನ್ನು ಹೂತು, ಅದೇ ಅಂಗಿಯಲ್ಲಿ ತೆಂಗಿನ ಬುಡಕ್ಕೊರಗಿ ಬೆಳಗು ಮಾಡಿದ್ದ ಮಹಾಂತೇಶ ಅರಚಾಟ ತಡೆಯಲಾರದೆ ಒಳಬಂದ. ಎಮ್ಮೆ ತಟ್ಟನೆ ನಿಂತಿತು. ಕುತ್ತಿಗೆ ಚಾಚಿ ಅವನ ಎದೆ ಮೂಸಿತು. ಒರಟು ನಾಲಿಗೆಯಿಂದ ಅಂಗಿಯನ್ನು ನೆಕ್ಕತೊಡಗಿತು, ಎಳೆಗರುವನ್ನು ಕರೆಯುವ ಸಣ್ಣ ದನಿಯಲ್ಲಿ ಗುನುಗುತ್ತ. ಮೊಲೆಗಳಿಂದ ಹಾಲು ತಾನಾಗಿ ತೊಟ್ಟಿಕ್ಕಿತು.

ಕಲ್ಲೇಶಪ್ಪ ಬಕೆಟ್ಟು ಹಿಡಿದು ಕುಕ್ಕರುಗಾಲಲ್ಲಿ ಕುಳಿತುಬಿಟ್ಟ.

"ಅಲ್ಲಾಡ್ಬೇಡ ಕಣೋ. ಹಂಗೇ ನಿಂತ್ಕೊ."

ಬಿಟ್ಟು ಹೋಗಬಹುದಿತ್ತು. ಹೋದರೆ ಕೆಚ್ಚಲು ಬಾತು ಕೀವಾಗುತ್ತದೆ, ನರಳುವುದು ಎಮ್ಮೆಯೇ. ಅವನು ಹಲ್ಲು ಕಚ್ಚಿ ನಿಂತ. ಹಾಲು ಸುರ್ ಸುರ್ ಎಂದು ಬಕೆಟ್ಟಿಗೆ ಬೀಳುತ್ತಿತ್ತು. ನಾಲ್ಕು ಮೊಲೆಯದೂ.

ಕರೆದು ಮುಗಿದ ಮೇಲೆ ಮಹದೇವಮ್ಮ ಮೊಮ್ಮಗನ ಅಂಗಿಯನ್ನು ತಾನೇ ಬಿಚ್ಚಿಸಿಕೊಂಡಳು. ಒಗೆಯಬೇಡ, ಸಂಜೆಗೂ ಬೇಕಾಗುತ್ತದೆ ಎಂದಳು. ಒಗೆಯಲು ನೀರು ತಂದಿದ್ದ ಸ್ವಾತಿಯನ್ನು ದೂರ ಕಳಿಸಿ, ಕರು ಕಟ್ಟುವ ಗೂಟಕ್ಕೆ ಅದನ್ನು ಸಿಕ್ಕಿಸಿದಳು.