ಓಡುವ ಎಂಜಿನ್, ಮುಗಿದ ಕಾರು

ವಾರಕ್ಕೆ ಮೂರು ಸಲ ಅಪ್ಪನನ್ನು ಡಯಾಲಿಸಿಸ್‌ಗೆ ಕರೆದೊಯ್ಯಲೆಂದೇ ಟೀಚರಮ್ಮ ಸಾಲ ಮಾಡಿ ಕಾರು ಕೊಂಡಿದ್ದಳು. ಐದು ತಿಂಗಳೂ ತುಂಬಿರಲಿಲ್ಲ, ಆಸ್ಪತ್ರೆಯ ಎದುರು ನಿಲ್ಲಿಸಿದ್ದ ಕಾರಿಗೆ ಲಾರಿಯೊಂದು ಪಕ್ಕದಿಂದ ಗುದ್ದಿ ಗೋಡೆಗೆ ಒತ್ತಿಬಿಟ್ಟಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ.

ಗ್ಯಾರೇಜಿನಲ್ಲಿ ವಿಮಾ ಕಂಪನಿಯ ಸರ್ವೇಯರ್ ಕಾರಿಗೆ ಎರಡು ಸುತ್ತು ಬಂದು, ಬಗ್ಗಿ ನೋಡಿ, ಫೋಟೊ ತೆಗೆದ. "ಚಾಸಿಯೇ, ಅಂದ್ರೆ ಕಾರಿನ ಅಡಿಚೌಕಟ್ಟೇ, ಸೊಟ್ಟಗಾಗಿದೆ ಮೇಡಂ. ಇದು ಟೋಟಲ್ ಲಾಸ್."

ಅವಳು ಒಳಗೆ ಕೂತು ಕೀ ತಿರುಗಿಸಿದಳು. ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. "ನೋಡಿ, ಜೀವ ಇದೆಯಲ್ಲ! ರಿಪೇರಿ ಮಾಡಿಸ್ಕೊಡಿ, ಸಾಕು."

"ರಿಪೇರಿ ಖರ್ಚು ಕಾರಿನ ಬೆಲೆಯ ಮುಕ್ಕಾಲು ಭಾಗ ದಾಟಿದ್ರೆ ಕಂಪನಿ ರಿಪೇರಿ ಮಾಡಿಸಲ್ಲ. ಪಾಲಿಸಿಯಲ್ಲಿ ಬರೆದಿರೋ ಬೆಲೆ ಕೊಡುತ್ತೆ. ಅದರಲ್ಲಿ ಮೊದಲು ಬ್ಯಾಂಕಿನ ಸಾಲ ತೀರುತ್ತೆ, ಉಳಿದಿದ್ದು ನಿಮಗೆ."

ಉಳಿಯುವುದೆಷ್ಟೆಂದು ಅವನು ಬರೆದು ತೋರಿಸಿದ. ಅದಕ್ಕೆ ಹಳೆಯ ಸ್ಕೂಟರ್ ಬಂದರೆ ಹೆಚ್ಚು.

"ತಪ್ಪು ಲಾರಿಯವನದ್ದಲ್ವಾ? ನಾನೇನು ಮಾಡ್ದೆ?"

"ನಿಮ್ಮದೇನೂ ತಪ್ಪಿಲ್ಲಮ್ಮ," ಎಂದು ಮೆತ್ತಗೆ ಹೇಳಿ ಅವನು ಒಪ್ಪಿಗೆಯ ಫಾರಂ ಮುಂದಿಟ್ಟ. ರೇಗಾಡಿಬಿಡೋಣವೆಂದರೆ ಅವನೂ ಒಳ್ಳೆಯವನೇ.

ಗ್ಯಾರೇಜಿನ ಬಾಗಿಲ ಬಳಿ ಬೆಂಚಿನ ಮೇಲೆ ಕೂತಿದ್ದ ಅಪ್ಪ ಕೇಳಿದರು: "ಏನಂತೆ ಮಗಳೇ? ಗುರುವಾರದ ಡಯಾಲಿಸಿಸ್‌ಗೆ ಮುಂಚೆ ಕೊಡ್ತಾರಂತಾ?"

ಅವಳು ಫಾರಂ ಕಡೆಗೆ ತಿರುಗಿದಳು. ಸಹಿ ಹಾಕಿ, ಎರಡೂ ಕೀಗಳನ್ನು ಸರ್ವೇಯರ್ ಕೈಗಿತ್ತಳು. ಮುಂದಿನ ಸೀಟಿನಲ್ಲಿದ್ದ ಅಪ್ಪನ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಟ್ಯಾಕ್ಸಿ ಹುಡುಕಲು ರಸ್ತೆಗೆ ಇಳಿದಳು.